ಗೋಡೆಯಡಿಯ ಮೀನು

ಮದುವೆಯಾಗಿ ಆ ಊರಿಗೆ ಹೋದ ದಿನ, ದೀಪ ಹಚ್ಚಲೆಂದು ಅಡಿಗೆಮನೆಗೆ ಕಾಲಿಟ್ಟಾಗ ನನ್ನ ಗಂಡ ಹಿಂದಿನಿಂದ ಮೆಲ್ಲಗೆ ಹೇಳಿದ: "ಜ್ವಾಕಿ. ಅಲ್ಲಿ ತುಳೀಬ್ಯಾಡ. ಮೀನಿನ ಕಣ್ಣೈತಿ." ಅವನು ನನ್ನ ಜೊತೆ ಆಡಿದ ಮೊದಲ ಮಾತೇ ಅದು. ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಾನು ಕೆಳಗೆ ನೋಡಿದೆ. ಗೋಡೆಯ ಬುಡದಲ್ಲಿ, ನೆಲದ ಕಲ್ಲಿನೊಳಗೆ, ಅಂಗೈಯಗಲದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.

ನಾನು ಕರಿಮಣ್ಣಿನ ಸೀಮೆಯಿಂದ ಬಂದವಳು. ನಮ್ಮ ಕಡೆ ಕಲ್ಲು ಎಂದರೆ ನೇಗಿಲಿಗೆ ಸಿಕ್ಕಿ ಬೈಸಿಕೊಳ್ಳುವ ವಸ್ತು. ಈ ಊರಿಗೆ ಮಣ್ಣೇ ಇರಲಿಲ್ಲ. ಇಡೀ ಊರು ನೀಲಿ ಬೂದುಬಣ್ಣದ ಒಂದೇ ಹಾಸುಗಲ್ಲಿನ ಮೇಲೆ ಕೂತಿತ್ತು. ಮನೆಗಳಿಗೆ ಬೇರೆ ನೆಲ ಹಾಸುವ ಪ್ರಮೇಯವಿಲ್ಲ. ಇದ್ದ ಕಲ್ಲನ್ನೇ ಗುಡಿಸಿ, ಸುತ್ತ ಗೋಡೆ ಎತ್ತಿ, ಮೇಲೆ ಮಾಳಿಗೆ ಹೊದಿಸಿದರೆ ಮನೆ. ಯಾವಾಗಲೋ ಅಲ್ಲಿ ಸಮುದ್ರವಿತ್ತಂತೆ. ಸಮುದ್ರ ಹೋಯಿತು, ಅದರೊಳಗಿನವು ಉಳಿದವು. ಮೀನು, ಸಿಗಡಿ, ಟಗರಿನ ಕೊಂಬಿನ ಹಾಗೆ ಸುತ್ತಿಕೊಂಡ ಶಂಖ, ದಂಟಿನ ಮೇಲೆ ಕೂತ ಹೂವಿನಂಥವು, ಎಲ್ಲವೂ ಕಲ್ಲಿನೊಳಗೆ ಇದ್ದವು, ಮತ್ತು ಕಲ್ಲಿನೊಳಗೇ ಪಡುವಣಕ್ಕೆ ಹೊರಟಿದ್ದವು. ಹುಣ್ಣಿಮೆಯಿಂದ ಹುಣ್ಣಿಮೆಗೆ ಒಂದು ಗೇಣು ಸರಿದರೆ ಹೆಚ್ಚು.

ಊರಿನವರಿಗೆ ಇದು ದನ ಮೇಯಲು ಹೋದಷ್ಟೇ ಸಹಜ. ಸಾಲಿಯ ಗೋಡೆಗೆ ಕಪ್ಪು ಬಳಿದು ಹಲಗೆ ಮಾಡಿದ್ದರು. ಒಮ್ಮೆ ಆ ಗೋಡೆಯ ಕಲ್ಲೊಳಗೆ ಸಣ್ಣ ಮೀನುಗಳ ಹಿಂಡು ಹತ್ತಿ ಬಂದು, ಮಾಸ್ತರರು ಬೇಸಿಗೆ ರಜೆಯವರೆಗೂ ಹಲಗೆಯ ಅರ್ಧದಲ್ಲೇ ಲೆಕ್ಕ ಬರೆದರಂತೆ. ಪ್ರಾಣಿ ಇರುವ ಜಾಗದಲ್ಲಿ ಕಬ್ಬಿಣ ತಾಗಿಸಬಾರದು. ಅದೊಂದೇ ಕಟ್ಟಳೆ. ಉಳಿಯಿಲ್ಲ, ಹಾರೆಯಿಲ್ಲ, ಕಬ್ಬಿಣದ ಪಟ್ಟಿ ಬಿಗಿದ ಗಾಡಿಯ ಗಾಲಿಯೂ ಇಲ್ಲ. ಅದು ಸರಿದು ಹೋಗುವವರೆಗೆ ಕಾಯಬೇಕು, ಇಲ್ಲವೆ ಸುತ್ತಿ ಹೋಗಬೇಕು. ಒಂದು ಮನೆಯಿಂದ ಪ್ರಾಣಿ ಪೂರ್ತಿ ದಾಟಿ ಇನ್ನೊಂದು ಮನೆಗೆ ಹೋಯಿತೆಂದರೆ, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಅಕ್ಕಿ, ಕೊಬ್ಬರಿಬಟ್ಟಲು, ಬಳೆ, ಅರಿಸಿನದ ಕೊಂಬು ಇಟ್ಟು ಉಡಿ ತುಂಬುತ್ತಿದ್ದರು. ಉಡಿ ಕೊಟ್ಟ ಮನೆ, ತಗೊಂಡ ಮನೆ ಆಮೇಲೆ ಬೀಗರಿದ್ದಂತೆ.

ನಮ್ಮ ಮೀನು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಅದರ ಮೋರೆ ನಮ್ಮ ಅಡಿಗೆಮನೆಯಲ್ಲಿತ್ತು. ಮೈ, ಬಾಲವೆಲ್ಲ ಗೋಡೆಯ ಆಚೆ, ನನ್ನ ಭಾವ ಅಡಿವೆಪ್ಪನ ಮನೆಯಲ್ಲಿತ್ತು. ಅಡಿಗೆಮನೆಯಲ್ಲಿ ಉಳಿ ಹಾಕಿ ಒಳಕಲ್ಲು ಕೂಡಿಸುವ ಹಾಗಿಲ್ಲ, ಕಬ್ಬಿಣ ಕಟ್ಟಿದ ಒನಕೆಯಲ್ಲಿ ಖಾರ ಕುಟ್ಟುವ ಹಾಗಿಲ್ಲ. ಮೆಣಸಿನಕಾಯಿ ಬುಟ್ಟಿ ಹೊತ್ತುಕೊಂಡು ನಾನು ಎದುರು ಮನೆಯ ಹುಸೇನಬಿಯ ಅಂಗಳಕ್ಕೆ ಹೋಗುತ್ತಿದ್ದೆ. ಗೋಡೆ ಯಾಕೆ ಬಂತು ಎಂಬುದನ್ನು ಹೇಳಿದವಳೂ ಅವಳೇ.

ಅಡಿವೆಪ್ಪ ಭಾವ, ನನ್ನ ಗಂಡ ಚಂದ್ರಾಮ ಮೊದಲು ಒಂದೇ ಮನೆಯಲ್ಲಿದ್ದರು. ಭಾವನ ಹೆಂಡತಿ ಬಂಗಾರೆವ್ವ. ಅವರಿಗೆ ಒಬ್ಬಳೇ ಮಗಳು, ಕಸ್ತೂರಿ. ಆ ಹುಡುಗಿ ಹುಟ್ಟಿದ ವರ್ಷವೇ ಮೀನು ಮೂಡಣ ಗೋಡೆಯಿಂದ ಮನೆಯೊಳಗೆ ಬಂದದ್ದು. ಬೇಸಿಗೆಯಲ್ಲಿ ಕಸ್ತೂರಿ ಅದರ ಮೈಮೇಲೆ ಕೌದಿ ಹಾಸಿಕೊಂಡು ಮಲಗುತ್ತಿದ್ದಳು, ಅದಕ್ಕೆ ಊಟ ಹಾಕುತ್ತಿದ್ದಳು, ಅದರ ಕಣ್ಣಿಗೆ ಕಾಡಿಗೆ ತೀಡುತ್ತಿದ್ದಳು. ಒಂದು ಆಷಾಢದಲ್ಲಿ ಹುಡುಗಿಗೆ ಜ್ವರ ಬಂತು. ಚಂದ್ರಾಮ ಗಾಡಿ ಕಟ್ಟಿಕೊಂಡು ಪಕ್ಕದ ಊರಿನ ಡಾಕ್ಟರನ್ನು ಕರೆತರಲು ಹೋದ. ಬರುವಷ್ಟರಲ್ಲಿ ತಡವಾಗಿತ್ತು.

"ಹಾದಿ ಮ್ಯಾಲ ಚಾದಂಗಡ್ಯಾಗ ಕುಂತಿದ್ದ ಅಂತಾರವ್ವಾ," ಎಂದಳು ಹುಸೇನಬಿ, ಒನಕೆ ನಿಲ್ಲಿಸಿ. "ಖರೇನೋ ಸುಳ್ಳೋ ಅಲ್ಲಾಗ ಗೊತ್ತು. ಬಂಗಾರೆವ್ವ ಒಂದ ಮಾತ ಅಂದಳು, 'ಇವನ ಮುಖ ನನಗ ತೋರಸಬ್ಯಾಡ್ರಿ' ಅಂತ. ಅದಕ್ಕ ಗ್ವಾಡಿ ಎದ್ದಿತು."

ಕೆಳಗೆ ಮೀನಿದ್ದದ್ದರಿಂದ ಅಡಿಪಾಯ ತೋಡುವಂತಿರಲಿಲ್ಲ. ಗೋಡೆಯನ್ನು ಕೆರೆಯಿಂದ ತಂದ ಬರೀ ಹಸಿಮಣ್ಣಿನ ಮೇಲೆ ಕೂಡಿಸಿದ್ದರು. ಅಣ್ಣತಮ್ಮಂದಿರು ಖಣಿಯಲ್ಲಿ ಒಂದೇ ಬಂಡೆಗೆ ಭುಜ ಕೊಡುತ್ತಿದ್ದರು, ಒಂದೇ ಚಿಲುಮೆ ಸೇದುತ್ತಿದ್ದರು. ಸಂಜೆ ಓಣಿಗೆ ಬಂದರೆ ಒಬ್ಬರಿಗೊಬ್ಬರು ಗುರುತಿಲ್ಲ.

ನಾನು ಗಂಡನನ್ನು ಕೇಳಿಯೇಬಿಟ್ಟೆ. "ಚಾದಂಗಡ್ಯಾಗ ಕುಂತಿದ್ರೇನು?"

"ಖಣಿ ಹಾದ್ಯಾಗ ಅವತ್ತ ಕಲ್ಲಾಗಿಂದು ಉದ್ದ ಕುತ್ತಿಗಿ ದೊಡ್ಡ ಪ್ರಾಣಿ ಅಡ್ಡ ಬಂದಿತ್ತು," ಎಂದ. "ಹೋಗೂ ಮುಂದ ಮೂತಿ ಅಂಚಿಗಷ್ಟ ಇತ್ತು, ದಾಟಿದೆ. ಬರೂ ಮುಂದ ಜನಾ ಹಗ್ಗಾ ಕಟ್ಟಿದ್ರು. ಕಟ್ಟಳಿ ಅಂದ್ರ ಕಟ್ಟಳಿ ಅಂತ ಕೆರಿ ಮ್ಯಾಲ ಸುತ್ತ ಹಾಕ್ಕೊಂಡ ಬಂದೆ."

"ಅದನ್ನ ಬಂಗಾರೆವ್ವ ಅಕ್ಕಗ ಹೇಳಬೇಕಿತ್ತಲ್ಲ?"

"ಆಕಿಗೆ ಉಳದದ್ದು ಆ ಮೀನ ಒಂದ. ದಿನಾ ಅದರ ಮಗ್ಗಲದಾಗ ಮಲಗತಾಳ. ಇಂಥಾದ್ದೊಂದರ ಸಲುವಾಗಿ ನಿನ್ನ ಮಗಳಿಗೆ ಡಾಕ್ಟರು ತಡಾ ಆದ್ರು ಅಂತ ಹ್ಯಾಂಗ ಹೇಳಲಿ? ಅದೂ ಬ್ಯಾಡಾಗತಿತ್ತು ಆಕಿಗೆ. ಚಾದಂಗಡಿ ಅಂದ್ರ ಚಾದಂಗಡಿ. ಇರಲಿ ಬಿಡು."

ಆಮೇಲೆ ನಾನು ಅದರ ಮಾತೆತ್ತಲಿಲ್ಲ. ಆದರೆ ಅಡಿಗೆಮನೆಯಲ್ಲಿ ಒಬ್ಬಳೇ ಕೂತಾಗ ಆ ಕಣ್ಣಿನ ಜೊತೆ ಮಾತಾಡುವ ಚಾಳಿ ನನಗೆ ಬಿತ್ತು. ತವರಿನ ನೆನಪಾದರೆ ಅದಕ್ಕೇ ಹೇಳುತ್ತಿದ್ದೆ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಅದು ಬೆಚ್ಚುವುದೇನೋ ಎಂದು ಮೊದಮೊದಲು ಕೈ ಹಗುರ ಮಾಡುತ್ತಿದ್ದೆ. ಹೊಸ ಸೊಸೆಗೆ ಗೆಳತಿಯರು ಬೇಕಲ್ಲ. ನನಗೆ ಸಿಕ್ಕವಳು ಹುಸೇನಬಿ, ಬಿಟ್ಟರೆ ಈ ಕಣ್ಣು.

ದಿನ ಬೆಳಗಾದರೆ ಗೋಡೆಯ ಆಚೆ ಹಸಿಬಟ್ಟೆ ಎಳೆಯುವ ಸಪ್ಪಳ ಕೇಳುತ್ತಿತ್ತು. ಅಕ್ಕ ನೆಲ ಒರೆಸುತ್ತಾಳೆ ಎಂದುಕೊಂಡಿದ್ದೆ. ಒಂದು ದಿನ ನೋಡಿದರೆ ಗೋಡೆಯ ಬುಡದಲ್ಲಿ ನಮ್ಮ ಕಡೆಗೆ ಬಿಳಿಯ ಹುಡಿ ಕಟ್ಟಿತ್ತು. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟೆ. ಉಪ್ಪು.

ಹುಸೇನಬಿ ಹಣೆ ಚಚ್ಚಿಕೊಂಡಳು. "ಉಪ್ಪನೀರು ಹಾಕಿ ಹಿಡದಾಳ ಅಂತಾಯ್ತು! ಉಪ್ಪಿನ ರುಚಿ ಸಿಕ್ಕರ ಅವು ಮುಂದ ಹೋಗೂದಿಲ್ಲವ್ವಾ, ಸಮುದ್ರ ಬಂತಂತ ತಿಳಕೊಂಡ ನಿಂತಬಿಡತಾವ. ಬಾಲದ ಕಡೆ ಹಾಕ್ತಾಳ, ಅದಕ್ಕ ಮುಂದ ಹೋಗಾಕ ಒಲ್ಲದು. ಭಾಳ ದಿನಾ ನಿಂತರ ಬೆಳ್ಳಗಾಗಿ ಸುಣ್ಣ ಆಗತಾವ. ಕಣ್ಣ ನೋಡಿಯೇನು? ಕಣ್ಣ ಮೊದಲ ಹೋಗತೈತಿ."

ಮನೆಗೆ ಬಂದು ದೀಪ ಹಿಡಿದು ನೋಡಿದೆ. ದಿನಾ ನೋಡುವ ಮುಖದಲ್ಲಿ ಸೊರಗು ಕಾಣುವುದಿಲ್ಲ. ನಾನು ಬಂದಾಗ ತೊಳೆದ ಕರಿಮಣಿಯಂತೆ ಹೊಳೆಯುತ್ತಿದ್ದ ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ ಬಂದಿತ್ತು. ಅಂಚು ಉದುರಲು ಶುರುವಾಗಿತ್ತು. ಗೋಡೆಯ ಆಚೆ ಇರುವ ಅಕ್ಕನಿಗೆ ಇದು ಗೊತ್ತೇ ಇಲ್ಲ. ಅವಳ ಪಾಲಿಗೆ ಇದ್ದದ್ದು ಕರ್ರಗಿನ ಮೈ, ಬಾಲ. ಕಣ್ಣು ಇದ್ದದ್ದು ನನ್ನ ಪಾಲಿಗೆ.

ಮರುದಿನ ಗಂಡಸರು ಖಣಿಗೆ ಹೋದ ಮೇಲೆ ನಾನು ತಲೆಯ ಮೇಲೆ ಸೆರಗು ಹೊದ್ದು ಓಣಿ ಸುತ್ತಿ ಅಕ್ಕನ ಬಾಗಿಲಿಗೆ ಹೋದೆ. ಅವಳು ನನ್ನನ್ನು ಹೊರಗೆ ಹಾಕಲಿಲ್ಲ. ಸಿಟ್ಟು ಇದ್ದದ್ದು ಮೈದುನನ ಮೇಲೆ, ನನ್ನ ಮೇಲಲ್ಲ. ಎತ್ತರದ ಹೆಂಗಸು, ಮುಖ ಮಾತ್ರ ಒಣಗಿತ್ತು. ನಡುಮನೆಯಲ್ಲಿ ಮೀನಿನ ಉದ್ದನ್ನ ಮೈ ಎಣ್ಣೆ ತೀಡಿದ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಸಣ್ಣದೊಂದು ಕೌದಿ ಮಡಿಚಿಟ್ಟಿತ್ತು.

"ಅಕ್ಕಾ, ಉಪ್ಪ ಹಾಕಬ್ಯಾಡ್ರಿ," ಎಂದೆ.

ಅವಳು ತಟ್ಟನೆ ತಿರುಗಿ ನೋಡಿದಳು. "ಯಾರ ಹೇಳ್ಯಾರ ನಾ ಉಪ್ಪ ಹಾಕತೀನಂತ?"

"ಗ್ವಾಡಿ ಹೇಳತೈತ್ರಿ. ನೀವು ನನ್ನ ಮ್ಯಾಲ ಬೇಕಾದ್ರ ಸಿಟ್ಟಾಗ್ರಿ. ಒಮ್ಮೆ ಬಂದ ಅದರ ಕಣ್ಣ ನೋಡ್ರಿ, ಸಾಕು."

"ಆ ಮನಿ ಹೊಸ್ತಲಾ ನಾ ತುಳಿಯೂದಿಲ್ಲ."

"ತುಳೀಬ್ಯಾಡ್ರಿ. ದಾಟಿ ಬರ್ರಿ."

ಅವಳ ತುಟಿಯಂಚಿನಲ್ಲಿ ನಗೆಯಂಥದ್ದೇನೋ ಸುಳಿದು ಹೋಯಿತು. ಆದರೆ ಬರಲಿಲ್ಲ. ನಾನು ವಾಪಸು ಬಂದು ಜೋಳ ಹಸನು ಮಾಡುತ್ತ ಕೂತೆ. ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಅಕ್ಕ ನಿಂತಿದ್ದಳು. ಒಳಗೆ ಬಂದು, ನನ್ನನ್ನು ಕೇಳದೆ ನೇರ ಅಡಿಗೆಮನೆಗೆ ಹೋದಳು. ಆ ಮನೆಯಲ್ಲಿ ಒಲೆ ಎಲ್ಲಿದೆ, ಕಣ್ಣು ಎಲ್ಲಿದೆ ಎಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೊಣಕಾಲೂರಿ ಕೂತು ನೋಡಿದಳು. ಸೆರಗಿನ ತುದಿಯಿಂದ ಒರೆಸಿದಳು. ಬಿಳಿ ಹೋಗಲಿಲ್ಲ. ಇನ್ನೊಮ್ಮೆ ಒರೆಸಿದಳು. ಕಲ್ಲಿನ ಒಂದು ಸಣ್ಣ ಚೂರು ಸೆರಗಿಗೆ ಅಂಟಿ ಬಂತು. ಅವಳು ಕೈ ಹಿಂದಕ್ಕೆ ಎಳೆದುಕೊಂಡು ಹಾಗೇ ಕೂತುಬಿಟ್ಟಳು.

ಅದೇ ಹೊತ್ತಿಗೆ ನನ್ನ ಗಂಡ ಮನೆಗೆ ಬರಬೇಕೆ? ಖಣಿಯಲ್ಲಿ ಬಂಡೆಯೊಳಗೆ ಶಂಖ ಕಂಡು ಕೆಲಸ ನಿಂತಿತ್ತಂತೆ. ಬಾಗಿಲಲ್ಲಿ ಅವನನ್ನು ಕಂಡದ್ದೇ ಅಕ್ಕ ಎದ್ದು ನಿಂತಳು. ದುಃಖವೆಲ್ಲ ಸಿಟ್ಟಾಗಿ ತಿರುಗಿತು.

"ನಿನ್ನ ಕೈಯಾಗ ಬಂದದ್ದೆಲ್ಲಾ ಹಿಂಗ ಆಗತೈತಿ. ಕಣ್ಣ ಮುಂದ ಸಾಯಾಕತ್ತಿದ್ರೂ ನಿನಗ ಕಾಣೂದಿಲ್ಲ. ಅವತ್ತೂ ಕಾಣಲಿಲ್ಲ. ಚಾ ಕುಡಕೋತ ಕುಂತಿ!"

ಅವನು ತಲೆ ತಗ್ಗಿಸಿದ. ನನಗೆ ತಡೆಯಲಾಗಲಿಲ್ಲ.

"ಚಾದಂಗಡ್ಯಾಗ ಕುಂತಿದ್ದಿಲ್ರೀ ಅಕ್ಕಾ. ಹಾದ್ಯಾಗ ಉದ್ದ ಕುತ್ತಿಗಿದು ಅಡ್ಡ ಇತ್ತು. ಕೆರಿ ಸುತ್ತಿ ಬಂದಾರ."

"ಸುಮ್ಮನಿರ ಪುತಳಾ!" ಎಂದ ಗಂಡ. ಅವನು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ.

ಅಕ್ಕ ಅವನನ್ನು ನೋಡಿದಳು. ಕೆಳಗೆ ಕಲ್ಲಿನ ಕಣ್ಣನ್ನು ನೋಡಿದಳು. "ಖರೇ ಏನು?" ಎಂದು ಕೇಳಿದಳು. ಅವನು ಮುಖ ತಿರುಗಿಸಿಕೊಂಡ. ಆದರೆ ಅವನ ಮುಖ ಅವಳಿಗೆ ಹೊಸತಲ್ಲವಲ್ಲ. ಅವನಿಗೆ ಹಾಲುಹಲ್ಲು ಬೀಳುವಾಗ ಆ ಮನೆಗೆ ಸೊಸೆಯಾಗಿ ಬಂದು, ತಲೆ ಬಾಚಿ ಸಾಲಿಗೆ ಕಳಿಸಿದವಳು ಅವಳೇ. ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಇನ್ನು ಮೀನಿನ ಮೇಲೂ ಅವಳಿಗೆ ಮನಸ್ಸು ಮುರಿಯಿತು, ನಾನೇ ಎಲ್ಲ ಕೆಡಿಸಿದೆ ಎಂದುಕೊಂಡು ಆ ದಿನ ನಾನು ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಗೋಡೆಯ ಆಚೆ ಬಟ್ಟೆಯ ಸಪ್ಪಳ ಕೇಳಲಿಲ್ಲ. ಗಂಡ ಖಣಿಗೆ ಹೋದ ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು. ಕೈಯಲ್ಲಿ ಉಪ್ಪುನೀರಿನ ತಂಬಿಗೆ, ಬಟ್ಟೆ. ಮೀನಿನ ಮೂತಿಯ ಮುಂದೆ, ನಮ್ಮ ಒಲೆಯ ಕಡೆಗೆ, ಒಂದು ಗೇಣು ಜಾಗ ಒರೆಸಿದಳು.

"ಹಿಂದಿನ ಉಪ್ಪ ತೊಳದೀನಿ," ಎಂದಳು. "ಮುಂದ ಹಾಕಿದ್ರ ಮುಂದ ಹೋದೀತು."

ಆಮೇಲೆ ದಿನಾ ಬಂದಳು. ಚಂದ್ರಾಮ ಹೋದ ಮೇಲೆ ಬಂದು, ಅವನು ಬರುವ ಮೊದಲು ಹೋಗುತ್ತಿದ್ದಳು. ಅವನ ಹೆಸರು ಬಂದರೆ ಮಾತು ತಿರುಗಿಸುತ್ತಿದ್ದಳು. ಆದರೆ ಬರುವಾಗ ನನಗಾಗಿ ಬಟ್ಟಲಲ್ಲಿ ಏನಾದರೂ ಮುಚ್ಚಿಕೊಂಡು ಬರುತ್ತಿದ್ದಳು. ನನ್ನ ತಲೆಗೆ ಎಣ್ಣೆ ಒತ್ತುತ್ತ ಕಸ್ತೂರಿಯ ಸುದ್ದಿ ಹೇಳುತ್ತಿದ್ದಳು. ಮಗಳ ಹೆಸರನ್ನು ಬಾಯಿಬಿಟ್ಟು ಆಡುವುದನ್ನು ಅವಳು ಬಿಟ್ಟು ಎಷ್ಟೋ ಕಾಲವಾಗಿತ್ತಂತೆ. ಆ ಬೆಳಗುಗಳ ಎಣ್ಣೆಯ ವಾಸನೆ, ಉಪ್ಪುನೀರಿನ ವಾಸನೆ ಈಗಲೂ ಒಮ್ಮೊಮ್ಮೆ ಎಲ್ಲಿಂದಲೋ ಬಂದು ನನ್ನ ಮೂಗಿಗೆ ಬಡಿಯುತ್ತದೆ. ನಾನು ಸಮುದ್ರ ಕಂಡವಳಲ್ಲ. ಸಮುದ್ರವೆಂದರೆ ನನಗೆ ಅಷ್ಟೇ.

ದಸರೆಯ ಹೊತ್ತಿಗೆ ಮೀನಿನ ಕಣ್ಣಿನ ಹಿಂದಿನ ಗೀರು, ಆಮೇಲೆ ಕಿವಿರು, ಗೋಡೆಯಿಂದ ಈಚೆ ಬಂದವು. ಕಣ್ಣಿನ ಪೊರೆ ಕರಗಿ ಕಪ್ಪು ತಿರುಗಿತು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಬಾಲದ ತುದಿಯೂ ಗೋಡೆ ದಾಟಿತು. ಅವತ್ತು ಅಕ್ಕ ಹೊಸ ಸೀರೆ ಉಟ್ಟು, ಉಡಿಯ ಸಾಮಾನು ಹಿಡಿದು ಬಂದಳು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬು, ಹಸಿರು ಬಳೆ, ಎಲ್ಲವನ್ನೂ ಕಲ್ಲಿನ ಮೇಲೆ, ಮೀನಿನ ಮುಂದೆ ಇಟ್ಟಳು. ಬಳೆಗಳು ಪುಟ್ಟವಾಗಿದ್ದವು, ಸಣ್ಣ ಹುಡುಗಿಯ ಕೈಗೆ ಬರುವಂಥವು. ಹುಸೇನಬಿ ಮೂಗು ಒರೆಸಿಕೊಂಡು ಸೋಬಾನೆ ಶುರು ಮಾಡಿದಳು.

ನನ್ನ ಮಗ ಅಂಬೆಗಾಲಿಡುವ ಹೊತ್ತಿಗೆ ಮೀನು ನಮ್ಮ ಹೊಸ್ತಿಲು ತಲುಪಿತ್ತು. ಅವನು ಓಡಾಡುವ ಹೊತ್ತಿಗೆ ಪೂರ್ತಿ ಓಣಿಗೆ ಇಳಿದು, ಅಡ್ಡಡ್ಡ ಹಬ್ಬಿಕೊಂಡಿತು. ಓಣಿ ಇಕ್ಕಟ್ಟು. ಗಾಡಿಗಳು ಬರುವಂತಿಲ್ಲ. ಬಂದವರು ಹಿಂದಿರುಗಿ ಕೆರೆ ಏರಿಯ ಮೇಲೆ ಸುತ್ತಬೇಕು. ಕಾಯುವ ಕೆಲಸವನ್ನು ಯಾರೂ ಹೇಳದೆ ಅಕ್ಕ ತಾನೇ ವಹಿಸಿಕೊಂಡಳು. ನಮ್ಮ ಕಟ್ಟೆಯ ಕೆಳಗೆ ಮಣೆ ಹಾಕಿಕೊಂಡು, ಬತ್ತಿ ಹೊಸೆಯುತ್ತ ಕೂತಿರುತ್ತಿದ್ದಳು. ಗಾಡಿಯವರ ಜೊತೆ ಅವಳ ಜಗಳ ಕೇಳುವುದೇ ಓಣಿಗೆ ಒಂದು ಸಂಭ್ರಮ. "ಕಣ್ಣ ಹಣಿಮ್ಯಾಲ ಅದಾವೇನೋ? ತಿರುಗಸೋ ಗಾಡಿ!" ಎಂದು ಅವಳು ಕೂಗಿದರೆ ಎತ್ತುಗಳೇ ಹಿಂದೆ ಸರಿಯುತ್ತಿದ್ದವು.

ಚೈತ್ರದ ಒಂದು ಮಧ್ಯಾಹ್ನ. ಬಿಸಿಲು ಕಲ್ಲಿನ ಮೇಲೆ ಕುಣಿಯುತ್ತಿತ್ತು. ನನ್ನ ಗಂಡ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಅಕ್ಕ ಕೆಳಗಿದ್ದಳು, ಅವನ ಕಡೆ ಬೆನ್ನು ಮಾಡಿ. ಕುಂಬಾರ ಓಣಿಯ ಶರಣಬಸು ಗಾಡಿ ಓಡಿಸಿಕೊಂಡು ಬಂದ. ಮೀನು ಕಂಡದ್ದೇ ಹಗ್ಗ ಜಗ್ಗಿ ನಿಲ್ಲಿಸಿದ. ಊರಿನವನೇ, ಅವನಿಗೆ ಹೇಳಿಕೊಡಬೇಕಾದ್ದೇನಿಲ್ಲ. ಗಾಡಿ ತಿರುಗಿಸಲು ಎತ್ತಿನ ಮೂಗುದಾರಕ್ಕೆ ಕೈ ಹಾಕಿದ. ಆಗ ಗಾಡಿಯೊಳಗಿನಿಂದ ನರಳುವ ಸಪ್ಪಳ ಬಂತು.

ಅಕ್ಕ ತಲೆ ಎತ್ತಿದಳು. "ಯಾರ ಅದಾರೋ ಒಳಗ?"

"ನನ್ನ ಹೇಣ್ತಿರೀ ಯವ್ವಾ. ಬ್ಯಾನಿ ತಿನ್ನಾಕತ್ತಾಳ. ಕೂಸು ಅಡ್ಡಾಗೇತಂತ ಸೂಲಗಿತ್ತಿ ಕೈಬಿಟ್ಟಾಳ್ರೀ. ದವಾಖಾನಿಗೆ ಒಯ್ಯಾಕತ್ತೀನಿ."

"ಮತ್ತ ಎಲ್ಲಿ ತಿರುಗಸತಿ?"

"ಕೆರಿ ಮ್ಯಾಲ ಹೋಗತೀನ್ರಿ."

ಹಗ್ಗ ಹೊಸೆಯುತ್ತಿದ್ದ ನನ್ನ ಗಂಡನ ಕೈ ನಿಂತದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಅಕ್ಕ ಬತ್ತಿಯ ಹತ್ತಿಯನ್ನು ಕೊಡವಿ ಎದ್ದಳು. "ತಿರುಗಸಬ್ಯಾಡ. ನೆಟ್ಟಗ ಹೊಡಿ."

"ಮೀನ ಐತಲ್ರೀ ಯವ್ವಾ..."

"ಅದು ನನ್ನ ಮೀನ. ನಾ ಹೇಳತೀನಿ, ಹೊಡಿ!"

ಶರಣಬಸುವಿನ ಕೈ ಬರಲಿಲ್ಲ. ಹುಟ್ಟಿದಾಗಿನಿಂದ ಮಾಡದ ಕೆಲಸ. ಅಕ್ಕ ಮುಂದೆ ಹೋಗಿ ಎತ್ತಿನ ಮೂಗುದಾರ ತಾನೇ ಹಿಡಿದಳು. ಎತ್ತುಗಳೂ ಆ ಊರಿನವೇ, ಕಲ್ಲಿನೊಳಗೆ ಮೈ ಕಂಡು ಕಾಲು ಕೀಳಲೊಲ್ಲವು. ಆಗ ನನ್ನ ಗಂಡ ಕಟ್ಟೆಯಿಂದ ಧುಮುಕಿ ಗಾಡಿಯ ಹಿಂದೆ ಹೋಗಿ ಗಾಲಿಗೆ ಭುಜ ಕೊಟ್ಟ. ಅಕ್ಕ ಮುಂದೆ ಎಳೆದಳು, ಅವನು ಹಿಂದೆ ನೂಕಿದ. ಕಬ್ಬಿಣದ ಪಟ್ಟಿ ಕಲ್ಲಿನ ಮೇಲೆ ಕಿರ್ರೆಂದು ಕೊಯ್ಯುತ್ತ, ಮೀನಿನ ಬೆನ್ನ ಮೇಲೆ ಹಾದು, ಗಾಡಿ ಆಚೆ ಬಿತ್ತು. "ಹೋಗು, ನಿಂದ್ರಬ್ಯಾಡ!" ಎಂದು ಅಕ್ಕ ಎತ್ತಿನ ಬೆನ್ನಿಗೆ ಅಂಗೈಯಿಂದ ಹೊಡೆದಳು.

ಊರಿನಲ್ಲಿ ಅದರ ಮೇಲೆ ದೊಡ್ಡ ಗದ್ದಲವಾಯಿತು. ಹಿರಿಯರು ಕೂತು ಅಕ್ಕನಿಗೆ ಬರಲು ಹೇಳಿಕಳಿಸಿದರು. ಅವಳು ಹೋಗಲಿಲ್ಲ. ಶರಣಬಸು ತಾಯಿ-ಮಗು ಇಬ್ಬರನ್ನೂ ಕರೆದುಕೊಂಡು ಬಂದು ಆ ಹಿರಿಯರಿಗೂ ಸಕ್ಕರೆ ಹಂಚಿದ ಮೇಲೆ ಅವರ ಬಾಯಿಗೂ ಬೀಗ ಬಿತ್ತು. ಮೀನು ದಿನದಿಂದ ದಿನಕ್ಕೆ ಮಸುಕಾಯಿತು. ಬೆಳ್ಳಗಾದದ್ದಲ್ಲ. ಬಾವಿಯಲ್ಲಿ ಕೊಡ ಮುಳುಗುವಾಗ ಕಾಣುತ್ತದಲ್ಲ, ಹಾಗೆ ಕೆಳಕೆಳಗೆ ಇಳಿದು, ಕೊನೆಗೆ ಬರೀ ಕಲ್ಲು ಉಳಿಯಿತು. ಸತ್ತಿತು ಎಂದರು ಕೆಲವರು. ಅಕ್ಕ ಮಾತ್ರ, "ಒಳಗ ಭಾಳ ನೀರೈತಿ, ಹೋಗೇತಿ," ಎನ್ನುತ್ತಿದ್ದಳು.

ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ, ಗಾಡಿಯ ಸಪ್ಪಳ ತಿರುವಿನಲ್ಲಿ ಅಡಗಿದ ಮೇಲೆ, ಅಕ್ಕ ಓಣಿಯ ನಡುವೆಯೇ ಕಲ್ಲಿನ ಮೇಲೆ ಕೂತಳು. ಮೀನಿನ ಬೆನ್ನ ಮೇಲೆ ಗಾಲಿಯ ಎರಡು ಬಿಳಿ ಗೆರೆ ಎದ್ದಿದ್ದವು. ಅವುಗಳ ಮೇಲೆ ಅಂಗೈ ಇಟ್ಟಳು. ನನ್ನ ಗಂಡ ಭುಜ ಒತ್ತಿಕೊಳ್ಳುತ್ತ ಅಲ್ಲೇ ನಿಂತಿದ್ದ, ಹೋಗಬೇಕೋ ಇರಬೇಕೋ ತಿಳಿಯದವನಂತೆ.

"ಅವತ್ತ ನೀ ನೆಟ್ಟಗ ಬಂದಿದ್ರೂ ಆಕಿ ಉಳೀತಿದ್ದಿಲ್ಲ," ಎಂದಳು ಅಕ್ಕ, ಕಲ್ಲನ್ನೇ ನೋಡುತ್ತ. "ಮೂರ ದಿನಾ ಮೊದಲ ಕರೀಬೇಕಾಗಿತ್ತು ಅಂತ ಡಾಕ್ಟರು ನನಗ ಹೇಳಿದ್ರು. ನಾನು ಕರೀಲಿಲ್ಲ, ಜ್ವರಾ ಇಳೀತೈತಿ ಅಂತ ಕಷಾಯ ಕೊಟಗೋತ ಕುಂತೆ. ಅದನ್ನ ಯಾರ ಮ್ಯಾಲರ ಹಾಕಬೇಕಿತ್ತು ನನಗ. ನೀ ಸಿಕ್ಕಿ."

ಅವನು ಕುಕ್ಕರಗಾಲಲ್ಲಿ ಕೂತು, ಮುಖ ಮುಚ್ಚಿಕೊಂಡು, ಸಣ್ಣ ಹುಡುಗನ ಹಾಗೆ ಅತ್ತ. ಅಕ್ಕ ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅಳು ಮುಗಿಯುವವರೆಗೆ ಪಕ್ಕದಲ್ಲಿ ಕೂತಿದ್ದಳು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಸೀರೆಯ ಧೂಳು ಕೊಡವಿದಳು.

"ಏಳೋ ಚಂದ್ರಾಮಾ," ಎಂದಳು. "ಹೊತ್ತಾತು. ಕೈಕಾಲ ತೊಕ್ಕೊಂಡ ಬಾ, ಉಣ್ಣಾಕ ಹಾಕತೀನಿ."